ಮದುವೆ ಸಿಡಿಗೆ ಸಬ್‌ಟೈಟಲ್

ನಮ್ಮಣ್ಣನ ಮದುವೆಯ ವಿಡಿಯೊ ಎರಡು ಸಿಡಿಗಳಲ್ಲಿತ್ತು. ಮೊದಲನೆಯದರ ಕೊನೆಗೆ, ಊಟದ ಪಂಕ್ತಿಯಲ್ಲಿ, ಹೆಣ್ಣಿನ ಅಜ್ಜಿ ನಮ್ಮವ್ವನ ಕಡೆ ನೋಡಿ ಮಲಯಾಳದಲ್ಲಿ ಏನೋ ಹೇಳುತ್ತಾರೆ. ಸುತ್ತ ಇದ್ದವರೆಲ್ಲ ಗೊಳ್ಳೆಂದು ನಗುತ್ತಾರೆ. ಅಷ್ಟರಲ್ಲಿ ಕ್ಯಾಮೆರಾ ಪಾಯಸದ ಬಕೆಟ್ಟಿನ ಕಡೆ ತಿರುಗಿಬಿಡುತ್ತದೆ. ಇಷ್ಟಕ್ಕೇ ಆ ಮದುವೆಯಾದ ಮೇಲೆ ನಮ್ಮವ್ವ ಬೀಗರ ಮನೆಯ ಹೊಸಿಲು ತುಳಿಯಲಿಲ್ಲ.

ಅಣ್ಣ ಗುಂಡ್ಲುಪೇಟೆ ಮಂಡಿಯಿಂದ ಕೇರಳಕ್ಕೆ ತರಕಾರಿ ಸಾಗಿಸುತ್ತಿದ್ದ. ಕಾಡಂಚಿನ ಮದ್ದೂರು ಚೆಕ್‌ಪೋಸ್ಟ್ ದಾಟಿ, ಕಾಡು ಕಳೆದು, ಬತ್ತೇರಿಯಲ್ಲಿ ಟೊಮೇಟೊ ಇಳಿಸುತ್ತಿದ್ದ ಅಂಗಡಿಯ ಯಜಮಾನರ ಮಗಳೇ ನಮ್ಮ ಅತ್ತಿಗೆ. ಅವ್ವ ಬೇಡ ಅನ್ನಲಿಲ್ಲ. ಹುಡುಗಿ ಮೊದಲ ಸಲ ಮನೆಗೆ ಬಂದಾಗ ತಾನೇ ಎಣ್ಣೆ ಹಚ್ಚಿ ತಲೆ ಬಾಚಿದಳು, ಆರು ತಿಂಗಳಲ್ಲಿ ಅವಳಿಗೆ ಮುದ್ದೆ ತೊಳಸುವುದನ್ನು ಕಲಿಸಿದಳು. ಸೊಸೆಯ ಮೇಲೆ ಅವಳಿಗೆ ಒಂದು ಗುಲಗಂಜಿಯಷ್ಟೂ ಸಿಟ್ಟಿರಲಿಲ್ಲ. ಸಿಟ್ಟೆಲ್ಲ ಆ ಅಜ್ಜಿಯ ಮೇಲೆ.

"ನನ್ ಮೈ ನೋಡ್ಬುಟ್ಟು ಆಡ್ಕಂಡವ್ಳೆ ಕಣಮ್ಮಿ ಆ ಮುದ್ಕಿ," ಅನ್ನುತ್ತಿದ್ದಳು ನನ್ನ ಹತ್ತಿರ.

ಅವ್ವ ಸ್ವಲ್ಪ ದಪ್ಪ. ಅದನ್ನು ಯಾರೂ ಹೇಳಬಾರದು, ಅವಳು ಮಾತ್ರ ದಿನಕ್ಕೊಂದು ಸಲ ಹೇಳಿಕೊಳ್ಳಬೇಕು. ಅಜ್ಜಿ ಏನಂದರು ಅಂತ ಅತ್ತಿಗೆಯನ್ನೇ ಕೇಳಿದ್ದಾಯಿತು. ಅವಳಾಗ ಎಲೆಯ ಮುಂದೆ ತಲೆ ತಗ್ಗಿಸಿ ಕೂತಿದ್ದ ಮದುಮಗಳು, ಕೇಳಿಸಿಕೊಂಡಿರಲಿಲ್ಲ. "ಏನೋ ತಮಾಷೆ ಅತ್ತೆ, ಅಜ್ಜಿ ಬಾಯಿ ಹಾಗೇನೇ," ಎಂದಳು. ತಮಾಷೆ ಅಂದಿದ್ದೇ ತಪ್ಪಾಯಿತು. ಅವ್ವ ಆ ಸಿಡಿಯನ್ನು ಎದುರು ಮನೆಯ ಟೀವಿಯಲ್ಲಿ ಹಾಕಿಸಿ ಹಾಕಿಸಿ ನೋಡಿದಳು. ನೋಡಿದಷ್ಟೂ ಅಜ್ಜಿಯ ಬಾಯಿ ಇನ್ನೂ ವಕ್ರವಾಗಿ ಕಂಡಿತು.

ಮಾರನೇ ವರ್ಷ ಅತ್ತಿಗೆ ತವರಿನಲ್ಲಿ ಹೆತ್ತಳು. ಹೆಣ್ಣು ಮಗು. ಅವರ ಕಡೆ ಮಗುವಿಗೆ ತಿಂಗಳು ತುಂಬುವ ಹೊತ್ತಿಗೆ ಗಂಡಿನ ಮನೆಯವರು ಹೋಗಿ ಉಡಿದಾರ ಕಟ್ಟಬೇಕು. ನಮ್ಮಲ್ಲೂ ಉಡಿದಾರ ಉಂಟು, ಹಾಗಾಗಿ ಅದಕ್ಕೇನೂ ತಕರಾರಿರಲಿಲ್ಲ. ಅತ್ತಿಗೆ ಅಣ್ಣನ ಮೊಬೈಲಿಗೆ ಫೋನು ಮಾಡಿ, "ಅತ್ತೆ, ನೀವೇ ಬಂದು ಕಟ್ಟಬೇಕು. ಬರ್ತೀರ ಅಲ್ವಾ?" ಎಂದು ಕೇಳಿದಳು. ಅವ್ವ "ನೋಡನ" ಅಂತ ಫೋನು ಅಣ್ಣನ ಕೈಗೆ ಕೊಟ್ಟುಬಿಟ್ಟಳು. ಆಮೇಲೆ ನಮಗೆಲ್ಲ ಕೇಳುವ ಹಾಗೆ ಹೇಳಿದಳು:

"ಗಂಡಸ್ರು ಓಗಿ ಕಟ್ಟುಬುಟ್ಟು ಬನ್ನಿ. ನನ್ನ ನೋಡಿ ಇನ್ನೊಂದ್ ಸತಿ ನಗಾಡ್ಲಿ ಅಂತ ಓಗನಾ?"

ಅಪ್ಪ ಈರುಳ್ಳಿ ಹೊಲದ ನೆವ ಹೇಳಿ ಎದ್ದುಹೋದ. ಅಣ್ಣ ಗೋಡೆ ನೋಡುತ್ತಾ ಕೂತ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮೊಮ್ಮಗಳನ್ನು ನೋಡಲು ಜೀವ ಬಿಡುತ್ತಿದ್ದ ಹೆಂಗಸು ಹೀಗೆ ಪಟ್ಟು ಹಿಡಿದು ಕೂತರೆ ಹೇಗೆ ಸಹಿಸುವುದು? ಅಲ್ಲಿ ಬಾಣಂತಿ ಬಾಗಿಲು ನೋಡುತ್ತಿರುತ್ತಾಳೆ. "ಅಜ್ಜಿ ಅಂದಿದ್ದೇನು ಅಂತ ಅಕ್ಷರದಲ್ಲಿ ಬರ್ದು ತೋರಿಸಿದ್ರೆ ನಂಬ್ತೀಯಾ?" ಎಂದು ಕೇಳಿದೆ.

ಆ ಯೋಚನೆ ಬಂದದ್ದು ನನ್ನ ಕೆಲಸದಿಂದ. ನಾನಾಗ ದಿನಾ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋಗಿ, ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಲಗ್ನಪತ್ರಿಕೆ, ಕರಪತ್ರ ಟೈಪ್ ಮಾಡುತ್ತಿದ್ದೆ. ಅಲ್ಲಿಗೆ ಕಲಿಯಲು ಬರುತ್ತಿದ್ದ ಹುಡುಗರು ಯಾವ್ಯಾವುದೋ ದೇಶದ ಸಿನಿಮಾ ಸಿಡಿ ತಂದು ಹಾಕುತ್ತಿದ್ದರು. ಚಿತ್ರದ ಕೆಳಗೆ ಇಂಗ್ಲಿಷಿನಲ್ಲಿ ಮಾತುಗಳು ಮೂಡುತ್ತಿದ್ದವು. ಅಂಥದ್ದೇ ಸಾಲನ್ನು ನಮ್ಮ ಮದುವೆಗೂ ಕನ್ನಡದಲ್ಲಿ ಹಾಕಿದರಾಯಿತು ಅಂದುಕೊಂಡೆ.

ಅವ್ವ ಒಪ್ಪಿದಳು, ಆದರೆ ಷರತ್ತು ಹಾಕಿದಳು. "ಅದೊಂದೆ ಮಾತ ಬರ್ದ್ರೆ ನಾ ನಂಬದಿಲ್ಲ. ಮೊದ್ಲಿಂದ ಕೊನೆಗಂಟ ಯಾರ್ಯಾರು ಏನೇನಂದ್ರೊ ಎಲ್ಲ ಬರೀಬೇಕು. ಮಧ್ಯದಲ್ಲಿ ನಿಲ್ಲುಸ್ಬಾರ್ದು. ಸಿಡಿ ಬದ್ಲಾಯಿಸ್ತೀನಿ ಅಂತ ಎದ್ದು ಓಗಿ ಏನಾರ ತಿದ್ದುಬುಟ್ಟು ಬರ್ಬಾರ್ದು."

ಕೋರ್ಟಿನಲ್ಲಿರಬೇಕಾದವಳು ನಮ್ಮ ಅಡುಗೆಮನೆಯಲ್ಲಿದ್ದಳು.

ಮಲಯಾಳದಿಂದ ಕನ್ನಡಕ್ಕೆ ತರಲು ಅವ್ವ ನಂಬುವ ಒಬ್ಬನೇ ಮನುಷ್ಯ ಗುಂಡ್ಲುಪೇಟೆಯಲ್ಲಿದ್ದ. ಬಸ್ ಸ್ಟ್ಯಾಂಡ್ ಹತ್ತಿರದ ಬೇಕರಿಯ ಮಲಯಾಳಿ, ಊರಿಗೆಲ್ಲ ಚೇಟ, ಅಂದರೆ ಅಣ್ಣ. ನಾನು ಹುಟ್ಟುವ ಮೊದಲೇ ಊರಿಗೆ ಬಂದು ಬೇಕರಿ ಇಟ್ಟವನು. ಅವ್ವ ಜ್ವರ ಬಂದಾಗ ಅವನ ರಸ್ಕ್ ಬಿಟ್ಟು ಬೇರೆಯವರ ರಸ್ಕ್ ಮುಟ್ಟುತ್ತಿರಲಿಲ್ಲ. ಅವನಿಗೆ ಮೊದಲು ಹೆದರಿಕೆಯಾಯಿತು.

"ಮೋಳೆ, ಮಗಳೇ, ಬೀಗರ ಜಗಳದಲ್ಲಿ ನನ್ನ ಸೇರಿಸಬೇಡ. ನಾಳೆ ಚೇಚಿ, ನಿಮ್ಮವ್ವ, ನನ್ನ ಮೇಲೆ ಬಂದರೆ?" ಎಂದ.

"ಬರಲ್ಲ ಚೇಟ. ನೀವು ಇದ್ದದ್ದು ಇದ್ದಂಗೆ ಹೇಳಿ," ಎಂದೆ.

ಮಧ್ಯಾಹ್ನ ಗಿರಾಕಿಗಳು ಕಡಿಮೆಯಿರುವ ಹೊತ್ತಿನಲ್ಲಿ ರಜೆ ಹಾಕಿ ಹೋಗಿ ಕೂರುತ್ತಿದ್ದೆ. ಬೇಕರಿಯ ಟೀವಿಯಲ್ಲಿ ಸಿಡಿ ಹಾಕಿ, ನಿಲ್ಲಿಸಿ ನಿಲ್ಲಿಸಿ ಅವನು ಹೇಳುವುದು, ನಾನು ಬನ್ ಕಟ್ಟುವ ಹಾಳೆಯ ಮೇಲೆ ಗೀಚಿಕೊಳ್ಳುವುದು. ಅಜ್ಜಿಯ ಜಾಗ ಬಂದಾಗ ಚೇಟ ಕಿವಿಗೊಟ್ಟು ಕೇಳಿದ. ಇನ್ನೊಮ್ಮೆ ಹಾಕಿಸಿದ. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಕ್ಕ. ಅರ್ಥ ಹೇಳಿದ ಮೇಲೆ ನಾನೂ ನಕ್ಕೆ, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅದೇನು ಅಂತ ನಿಮಗೆ ಈಗ ಹೇಳುವುದಿಲ್ಲ. ಮನೆಗೆ ಓಡಿ ಅವ್ವನಿಗೆ ಹೇಳಹೊರಟರೆ ಅವಳು ಎರಡೂ ಕಿವಿ ಮುಚ್ಚಿಕೊಂಡು, "ನೀ ಏಳ್ಬ್ಯಾಡ, ನಾ ಓದ್ತೀನಿ" ಅಂದಳು. ಅವಳಿಗೆ ಗೊತ್ತಾದಾಗಲೇ ನಿಮಗೂ ಗೊತ್ತಾಗಲಿ.

ಸಬ್‌ಟೈಟಲ್ ಫೈಲು ಅಂದರೆ ಮಹಾ ಏನೂ ಅಲ್ಲ. ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ ಈ ಸಾಲು ತೋರಿಸು ಎಂದು ಬರೆದಿಟ್ಟ ಬರೀ ಅಕ್ಷರ. ಮೊದಲನೇ ತೊಡಕು ಕನ್ನಡದ್ದೇ. ಆಗಿನ ಪ್ಲೇಯರಿಗೆ ಕನ್ನಡ ಕೊಟ್ಟರೆ ಖಾಲಿ ಡಬ್ಬಿಗಳ ಸಾಲು ತೋರಿಸುತ್ತಿತ್ತು. ಆದರೆ ನಾವು ಲಗ್ನಪತ್ರಿಕೆಗೆ ಬಳಸುತ್ತಿದ್ದ ಕನ್ನಡ ಒಳಗೊಳಗೆ ಇಂಗ್ಲಿಷ್ ಚಿಹ್ನೆಗಳೇ, ಮೇಲೆ ಕನ್ನಡದ ಫಾಂಟ್ ತೊಡಿಸಿದಾಗ ಮಾತ್ರ ಕನ್ನಡವಾಗುತ್ತಿತ್ತು. ಪ್ಲೇಯರಿಗೂ ಅದೇ ಫಾಂಟ್ ತೊಡಿಸಿದೆ. ಅಣ್ಣನ ಮದುವೆ ಲಗ್ನಪತ್ರಿಕೆಯ ಅಕ್ಷರದಲ್ಲಿ ಮಾತಾಡಿತು. ಅವತ್ತು ಸಂತೋಷಕ್ಕೆ ಒಬ್ಬಳೇ ಹೋಗಿ ಮಸಾಲೆ ದೋಸೆ ತಿಂದುಬಂದೆ.

ಎರಡನೇ ತೊಡಕು ನಿಜವಾದದ್ದು. ಮೊದಲ ಸಿಡಿಯ ಸಾಲುಗಳನ್ನು ಕೂಡಿಸುತ್ತಿದ್ದಾಗ ಇದ್ದ ಸಾಫ್ಟ್‌ವೇರು ಗಂಟೆ ನಿಮಿಷ ಬರೆಯುತ್ತಿರಲಿಲ್ಲ. ವಿಡಿಯೊ ಅಂದರೆ ಸರಸರ ಓಡುವ ನಿಂತ ಚಿತ್ರಗಳಲ್ಲವೇ, ಅದು ಎಷ್ಟನೇ ಚಿತ್ರಕ್ಕೆ ಯಾವ ಸಾಲು ಅಂತ ಬರೆಯುತ್ತಿತ್ತು. ಅಷ್ಟರಲ್ಲಿ ವೈರಸ್ ಬಂತೆಂದು ಮಾಲೀಕರು ಕಂಪ್ಯೂಟರನ್ನು ಒರೆಸಿ ಹೊಸದಾಗಿ ಎಲ್ಲ ಹಾಕಿಸಿದರು. ಫ್ಲಾಪಿಯಲ್ಲಿಟ್ಟಿದ್ದ ನನ್ನ ಫೈಲು ಉಳಿಯಿತು, ಸಾಫ್ಟ್‌ವೇರು ಹೋಯಿತು. ಎರಡನೇ ಸಿಡಿಗೆ ಸಿಕ್ಕ ಸಾಫ್ಟ್‌ವೇರು ಗಂಟೆ, ನಿಮಿಷ, ಸೆಕೆಂಡಿನದು. ಒಂದೇ ಮದುವೆಗೆ ಎರಡು ಲೆಕ್ಕ. ಅವ್ವನ ಷರತ್ತಿನ ಪ್ರಕಾರ ಎರಡೂ ಒಂದಾಗಬೇಕು.

ಮೊದಲ ಫೈಲನ್ನು ಚಿತ್ರದ ಲೆಕ್ಕದಿಂದ ನಿಮಿಷದ ಲೆಕ್ಕಕ್ಕೆ ಬದಲಾಯಿಸುವ ಒಂದು ಪುಟ್ಟ ಪ್ರೋಗ್ರಾಮು ಸಿಕ್ಕಿತು. ಸೆಕೆಂಡಿಗೆ ಎಷ್ಟು ಚಿತ್ರ ಅಂತ ಅದು ಕೇಳಿತು. ಅಲ್ಲಿ ಮೊದಲೇ ಇಪ್ಪತ್ತನಾಲ್ಕು ಅಂತಿತ್ತು. ಇರಲಿ ಬಿಡು ಎಂದು ಓಕೆ ಬಟನ್ ಒತ್ತಿದೆ. ಆಮೇಲೆ ಎರಡನೇ ಫೈಲಿನ ಪ್ರತಿ ಸಾಲಿಗೂ ಮೊದಲ ಸಿಡಿಯ ಪೂರ್ತಿ ಉದ್ದವನ್ನು ಕೂಡಿಸಿದೆ. ಹಾಗೆ ಕೂಡಿಸದಿದ್ದರೆ ಹೆಣ್ಣು ಕಳಿಸುವ ಅಳು ಬಂದು ಹೆಣ್ಣಿನ ಸಿಂಗಾರದ ಮೇಲೆ ಕೂರುತ್ತದೆ. ಎರಡೂ ವಿಡಿಯೊ ಒಂದಾಯಿತು, ಎರಡೂ ಫೈಲು ಒಂದಾಯಿತು. ಶುರುವಿನ ಒಂದು ಸಾಲು ನೋಡಿದೆ, ಸರಿಯಾಗಿ ಕೂತಿತ್ತು. ಬೆಸುಗೆಯ ಜಾಗದಿಂದ ಮುಂದಕ್ಕೆ ನೋಡಿದೆ, ಅದೂ ಸರಿ. ನಡುವಿನದನ್ನು ನೋಡಲಿಲ್ಲ. ನೋಡುವುದಕ್ಕೇನಿದೆ, ಇಷ್ಟು ದಿನ ನೋಡಿ ನೋಡಿ ತಲೆ ಚಿಟ್ಟು ಹಿಡಿದಿತ್ತು.

ಭಾನುವಾರ ಸೆಂಟರಿಗೆ ರಜ, ಬೀಗದ ಕೈ ನನ್ನ ಹತ್ತಿರ. ಅವ್ವನನ್ನು ಬಸ್ಸಿನಲ್ಲಿ ಚಾಮರಾಜನಗರಕ್ಕೆ ಕರೆತಂದೆ. ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಬಂದಳು, ಕಂಪ್ಯೂಟರಿಗೆ ಕೈ ಮುಗಿಯಲೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿ ಕೂತಳು. ಚೀಲದಲ್ಲಿ ಓದುವ ಕನ್ನಡಕ ಹುಡುಕುವಾಗ ಅಕ್ಕಸಾಲಿ ಅಂಗಡಿಯ ಒಂದು ಸಣ್ಣ ಡಬ್ಬಿ ಮುಚ್ಚಳ ಸರಿದು ಆಚೆ ಬಂತು.

"ಅದೇನವ್ವ?" ಎಂದೆ.

"ಏನೂ ಇಲ್ಲ, ಸುಮ್ಕಿರು," ಎಂದು ಒಳಗೆ ತುರುಕಿದಳು.

ಉಡಿದಾರ. ಬೆಳ್ಳಿಯದು. ಹೋಗುವುದಿಲ್ಲ ಅನ್ನುತ್ತಲೇ ಮಾಡಿಸಿ, ಚೀಲದಲ್ಲಿಟ್ಟುಕೊಂಡು ಓಡಾಡುತ್ತಿದ್ದಳು. ನನಗೆ ಅವಳ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು. ಅಪ್ಪಿಕೊಳ್ಳಬೇಕು ಅನ್ನಿಸಿತು. ಅದು ನಮ್ಮನೆಯಲ್ಲಿ ಅಭ್ಯಾಸವಿಲ್ಲ, ಆದ್ದರಿಂದ ಫ್ಯಾನು ಅವಳ ಕಡೆ ತಿರುಗಿಸಿದೆ.

ವಿಡಿಯೊ ಶುರುವಾಯಿತು. ಅವ್ವ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿದಳು. "ಆ ಕುರ್ಚಿ ಇತ್ತ ತನ್ನಿ." "ಹೂವು ಸಾಲದು." "ಬಿಡು, ಗುಂಡ್ಲುಪೇಟೆಯವರು ಹೂವಿಲ್ಲದೆ ಬರ್ತಾರಾ?" ಇದನ್ನು ಓದಿದಾಗ ಸ್ವಲ್ಪ ಗೆಲುವಾದಳು. "ನೋಡ್ದಾ? ನಾ ಎರಡ್ ಮಂಕ್ರಿ ಹೂವ ತಕ್ಕಂಡೋಗಿದ್ದೆ," ಎಂದಳು.

ಅರ್ಧಕ್ಕೆ ಬಂದಾಗ ಅವ್ವ ಹುಬ್ಬು ಗಂಟಿಕ್ಕಿದಳು. "ಇವ ಬಾಯಿ ಮುಚ್ಚಿ ಎಷ್ಟೊತ್ತೋ ಆದ್ಮೇಲೆ ಮಾತು ಬತ್ತದಲ್ಲ, ಯಾಕಮ್ಮಿ?"

ನಾನೂ ಅದನ್ನೇ ನೋಡುತ್ತಿದ್ದೆ. ಶುರುವಿನಲ್ಲಿ ಸರಿಯಿದ್ದ ಸಾಲುಗಳು ಬರುಬರುತ್ತಾ ಹಿಂದೆ ಬೀಳುತ್ತಿದ್ದವು. ಥಟ್ಟನೆ ಹೊಳೆಯಿತು. ಇಪ್ಪತ್ತನಾಲ್ಕು ಸಿನಿಮಾದ ಲೆಕ್ಕ. ನಮ್ಮ ಕಡೆಯ ವಿಡಿಯೊ ಸೆಕೆಂಡಿಗೆ ಇಪ್ಪತ್ತೈದು. ಒಂದೇ ಒಂದು ಚಿತ್ರದ ಕಳ್ಳಲೆಕ್ಕ ಸೆಕೆಂಡು ಸೆಕೆಂಡಿಗೂ ಸೇರಿಕೊಂಡು ಗಂಟೆಯ ಹೊತ್ತಿಗೆ ಎರಡೂವರೆ ನಿಮಿಷ ತಡವಾಗುತ್ತದೆ. ಅಜ್ಜಿ ಬರುವುದು ಗಂಟೆಯ ಹೊತ್ತಿಗೇ. ಮೌಸಿಗೆ ಕೈ ಹಾಕಿದೆ.

"ಅವ್ವ, ಒಂಚೂರು ನಿಲ್ಲಿಸಿ ಸರಿ ಮಾಡ್ತೀನಿ."

"ಮುಟ್ಟಬ್ಯಾಡ," ಎಂದಳು ಅವ್ವ. "ಅದ್ಕೇಯ ಮೊದ್ಲೇ ಏಳಿದ್ದು."

ಮೌಸಿನ ಮೇಲಿಂದ ಕೈ ತೆಗೆದೆ. ತೆರೆಯ ಮೇಲೆ ಅಡುಗೆಯ ಹಿತ್ತಿಲು ಬಂತು, ಅಡುಗೆಯವನು ದೊಡ್ಡ ಹಂಡೆಯ ಹತ್ತಿರ ನಿಂತು ಯಾರಿಗೋ ಗದರಿದ. ಕೆಳಗೆ ನಾದಸ್ವರದವರ ಕಾಫಿಯ ಮಾತು ಬರುತ್ತಿತ್ತು. ಆಮೇಲೆ ಪಂಕ್ತಿ. ಅವ್ವ ಮುಂದಕ್ಕೆ ಬಾಗಿದಳು. ಅಜ್ಜಿ ಬಾಯಿ ತೆರೆದರು, ಸುತ್ತಲಿನವರು ನಕ್ಕರು, ಅದೇ ಹೊತ್ತಿಗೆ ಸರಿಯಾಗಿ ಕೆಳಗೆ ಸಾಲು ಮೂಡಿತು. ಅವ್ವ ಓದಿದಳು.

"ಈ ದಪ್ಪ ಹಂಡೆನ ಯಾರು ತಂದು ಇಲ್ಲಿಟ್ಟಿದ್ದು? ದಾರಿಗೆ ಅಡ್ಡ. ಎತ್ತಿ ಆಚೆ ಹಾಕಿ."

ಅವ್ವ ಕನ್ನಡಕ ತೆಗೆದಳು, ಮಡಚಿದಳು, ಚೀಲಕ್ಕೆ ಹಾಕಿಕೊಂಡಳು, ಎದ್ದಳು.

"ಅದು ಅಡುಗೆಯವನ ಮಾತು ಅವ್ವ. ಹಂಡೆಗೇ ಹೇಳಿದ್ದು. ನನ್ ಲೆಕ್ಕ ತಪ್ಪಿ ತಡವಾಗಿ ಬಂದದೆ."

"ಬರ್ದೋಳು ನೀನೆ, ಓದ್ದೋಳು ನಾನೆ. ಇನ್ನೇನದೆ?" ಎಂದು ಬಾಗಿಲಿಗೆ ಹೋಗಿ ಒಂದು ಚಪ್ಪಲಿ ಮೆಟ್ಟಿಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸೋಲಿತ್ತು. ಅದನ್ನು ನನ್ನಿಂದ ತಡೆಯಲಾಗಲಿಲ್ಲ. ತಡೆಯಲಾಗದಿದ್ದರೆ ನನಗೆ ಬರುವುದು ರೇಗಾಟವೇ.

"ಹೋಗು. ಹೋಗಿ ಮೊಮ್ಮಗಳ ಮುಖಾನೂ ನೋಡ್ಬ್ಯಾಡ. ಆ ಬೆಳ್ಳಿ ಉಡಿದಾರ ನೀನೇ ಕಟ್ಕೊ. ಆದ್ರೆ ಮಧ್ಯದಲ್ಲಿ ನಿಲ್ಲಿಸ್ಬಾರ್ದು ಅಂದೋಳು ನೀನು. ಎರಡೂವರೆ ನಿಮಿಷ ಅಲ್ಲೇ ನಿಂತ್ಕೊ. ಕೂರ್ಬ್ಯಾಡ, ನಿಂತ್ಕೊ."

ನಿಂತಳು. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು. ತೆರೆಯ ಮೇಲೆ ಪಾಯಸ ಬಡಿಸಿದರು, ಯಾರೋ ಹಪ್ಪಳ ಪುಡಿ ಮಾಡಿ ಪಾಯಸಕ್ಕೆ ಕಲಸಿದರು, ಯಾರಿಗೋ ಮಜ್ಜಿಗೆ ಬೇಕಿತ್ತು. ಅಷ್ಟು ಉದ್ದದ ಎರಡೂವರೆ ನಿಮಿಷವನ್ನು ನಾನು ಮತ್ತೆ ಕಂಡಿಲ್ಲ. ಕೊನೆಗೆ ಊಟ ಮುಗಿಸಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದ ನಮ್ಮವ್ವನೇ ತೆರೆಯ ಮೇಲೆ ಬಂದಳು. ಅವಳ ಎದೆಯ ಮೇಲೆ ಅಜ್ಜಿಯ ಮಾತಿನ ಸಾಲುಗಳು ಒಂದೊಂದಾಗಿ ಮೂಡಿದವು. ಬಾಗಿಲಿನಿಂದ ಅವಳಿಗೆ ಓದಲು ಬರುತ್ತಿರಲಿಲ್ಲ, ನಾನು ಓದಿದೆ.

"ಆ ಹುಡುಗನ ತಾಯೀನ ನೋಡ್ರೇ."

"ಒಂದು ತುತ್ತು ತಿಂತಾಳೆ, ನಮ್ಮ ಹುಡುಗಿ ಎಲೆ ನೋಡ್ತಾಳೆ. ತಿಂದಳೋ ಇಲ್ಲವೋ ಅಂತ."

"ಇನ್ನು ನಾನು ನೆಮ್ಮದಿಯಾಗಿ ಸಾಯಬಹುದು. ಈ ಚಪ್ಪರ ಬಿಚ್ಚೋದರೊಳಗೆ ಸತ್ತರೆ ಇನ್ನೊಂದು ಚಪ್ಪರ ಹಾಕೋದೂ ತಪ್ತದೆ."

ಅವ್ವ ಚಪ್ಪಲಿ ಕಾಲಲ್ಲೇ ಒಳಗೆ ಬಂದಳು. ಕನ್ನಡಕ ಹಾಕಿಕೊಂಡಳು. "ಇಂದುಕ್ಕೋಗು," ಎಂದಳು. ಈಗ ನಿಲ್ಲಿಸಲು ಅಪ್ಪಣೆ ಸಿಕ್ಕಿತ್ತು. ಇಪ್ಪತ್ತೈದು ಎಂದು ತಿದ್ದಿ, ಮತ್ತೆ ಕೂಡಿಸಿ, ಪಂಕ್ತಿಯ ಜಾಗಕ್ಕೆ ಬಂದೆ. ಈ ಸಲ ಅವ್ವ ಸಾಲು ಓದಲಿಲ್ಲ, ಅಜ್ಜಿಯನ್ನೂ ನೋಡಲಿಲ್ಲ. ಅಜ್ಜಿ ಮಾತಾಡುವ ಮೊದಲು ಕ್ಯಾಮೆರಾ ಪಂಕ್ತಿಯುದ್ದಕ್ಕೂ ಹರಿದಿತ್ತು. ಅಲ್ಲಿ ಅವಳು ತನ್ನನ್ನೇ ನೋಡಿಕೊಂಡಳು. ಒಂದು ತುತ್ತು, ಪಕ್ಕದಲ್ಲಿ ಕೂತಿದ್ದ ಅತ್ತಿಗೆಯ ಎಲೆಯ ಕಡೆ ಒಂದು ನೋಟ. ಇನ್ನೊಂದು ತುತ್ತು, ಇನ್ನೊಂದು ನೋಟ. ವರ್ಷದಿಂದ ಆ ಸಿಡಿ ಹಾಕಿಸಿ ಹಾಕಿಸಿ ನೋಡಿದವಳು ಅದನ್ನೊಂದು ಕಂಡೇ ಇರಲಿಲ್ಲ. ನಾನೂ ಕಂಡಿರಲಿಲ್ಲ.

"ಉಮ್ಮತ್ತೂರಲ್ಲಿ ನನ್ ಮದ್ವೆ ಆದ ದಿಸ," ಎಂದಳು ಅವ್ವ, "ಬಂದೋರೆಲ್ಲ ಉಂಡೆದ್ರು. ಉಣ್ಣಮ್ಮಿ ಅಂತ ನಂಗ್ಯಾರೂ ಅನ್ನಿಲ್ಲ. ಹಸ್ಕಂಡೇ ಗುಂಡ್ಲುಪೇಟೆಗೆ ಬಂದೆ. ಅದ್ಕೇಯ ಈ ಹೆಣ್ ಮಗ ಉಂಡದಾ ಅಂತ ನೋಡ್ತಿದ್ದೆ ಏನೊ. ನಂಗೇ ತಿಳಿದಿರ್ನಿಲ್ಲ ಕಣಮ್ಮಿ. ಅದ ಆ ಮುದ್ಕಿ ಕಂಡ್ಬುಟ್ಟವ್ಳಲ್ಲ."

ಅಳುತ್ತಿದ್ದಳು. ನಾನೂ ಅತ್ತೆ. ಈ ಮಾತನ್ನು ಅವ್ವ ಅದಕ್ಕೆ ಮೊದಲು ನನ್ನ ಹತ್ತಿರವಾಗಲಿ ಅಣ್ಣನ ಹತ್ತಿರವಾಗಲಿ ಹೇಳಿರಲಿಲ್ಲ. ಆಮೇಲೆ ಇಬ್ಬರೂ ಮುಖ ತೊಳೆದುಕೊಂಡು ಬಸ್ಸು ಹತ್ತಿದೆವು. ಅಷ್ಟು ಒದ್ದಾಡಿ ಕೂಡಿಸಿದ್ದ ಎರಡನೇ ಸಿಡಿಯ ಭಾಗವನ್ನು ಅವ್ವ ನೋಡಲೇ ಇಲ್ಲ, ಈವರೆಗೂ ನೋಡಿಲ್ಲ. ದಾರಿಯಲ್ಲಿ ಒಂದೇ ಒಂದು ಮಾತು ಕೇಳಿದಳು.

"ಬತ್ತೇರಿ ಬಸ್ಸು ಬೆಳಿಗ್ಗೆ ಎಷ್ಟೊತ್ತಿಗದೆ?"

ಉಡಿದಾರದ ದಿನ ನಾವೆಲ್ಲರೂ ಹೋದೆವು. ಬೇಕರಿಯಿಂದ ರಸ್ಕು, ಮನೆಯಿಂದ ಹೂವು, ರಾಗಿ ಹಿಟ್ಟು. ಅತ್ತಿಗೆ ಬಾಗಿಲಲ್ಲೇ ನಿಂತಿದ್ದಳು, ಅತ್ತೆಯನ್ನು ಕಂಡು ಮಗುವನ್ನು ಹಾಗೇ ನೀಡಿಬಿಟ್ಟಳು. ಅವ್ವ ಮೊಮ್ಮಗಳ ಸೊಂಟಕ್ಕೆ ಬೆಳ್ಳಿ ಉಡಿದಾರ ಕಟ್ಟಿದಳು. ಆಮೇಲೆ ಮಗುವನ್ನು ಎತ್ತಿಕೊಂಡೇ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ ಅಜ್ಜಿಯ ಎದುರು ಹೋಗಿ ನಿಂತಳು. ಮನೆಯವರೆಲ್ಲ ಒಳಗಿಂದ ಬಂದು ಬಾಗಿಲಲ್ಲಿ ನಿಂತರು. ಅವ್ವ ಏನೋ ಮುನಿಸಿನಿಂದ ಇಷ್ಟು ದಿನ ಬರಲಿಲ್ಲ ಅನ್ನುವುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು.

"ಅಜ್ಜಿ, ನೋಡ್ಕಬುಡು," ಎಂದಳು ಅವ್ವ ಅಂಗಳದ ಕಡೆ ಕೈ ತೋರಿಸಿ. "ಇವತ್ತು ಚಪ್ಪರ ಆಕ್ಸಿಲ್ಲ. ನೀ ಸಾಯಂಗಿಲ್ಲ."

ಅತ್ತಿಗೆ ಬೆಚ್ಚಿ ನನ್ನ ಮುಖ ನೋಡಿದಳು. ನಾನು ಹೇಳು ಅಂತ ಕಣ್ಣಲ್ಲೇ ಅಂದೆ. ಅವಳು ಮಲಯಾಳದಲ್ಲಿ ಹೇಳಿದಳು. ಅಜ್ಜಿ ಒಂದು ಗಳಿಗೆ ಅವ್ವನನ್ನೇ ನೋಡಿದರು, ಹಲ್ಲಿಲ್ಲದ ಬಾಯಿ ತೆರೆದು ನಕ್ಕರು, ಅವ್ವನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು ಏನೋ ಅಂದರು. ಜಗಲಿಯ ತುಂಬ ನಗು ಎದ್ದಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಮ್ಮವ್ವ.

ನಾನು ಅವಳ ಪಕ್ಕಕ್ಕೆ ಸರಿದು ಮೆಲ್ಲಗೆ ಕೇಳಿದೆ. "ಅಜ್ಜಿ ಏನಂದ್ರವ್ವ? ಅತ್ತಿಗೇನ ಕೇಳ್ಲಾ?"

ಅವ್ವ ನಗು ತಡೆಯಲಾಗದೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಏನಂದ್ಲೋ ನಂಗೇನ್ ಗೊತ್ತಮ್ಮಿ," ಎಂದಳು. "ಕೇಳ್ಬ್ಯಾಡ ಬುಡು."